ಬೆಳಕಿಂಡಿಯ ಅಳತೆ

ಯಾದಗಿರಿಯಿಂದ ಜೀಪಿನಲ್ಲಿ ನಕ್ಷೆಯ ಸುರುಳಿ ತಂದೆ,
ತೊಡೆಯ ಮೇಲೆ ಕೂಸಿನ ಹಾಗೆ ಮಲಗಿಸಿಕೊಂಡು.
ಹಿರೇಗಡ್ಡಿಯ ಶಾಲೆಯ ಕಟ್ಟೆ ಮೇಲೆ ಬಿಡಿಸಿದಾಗ
ನಾಲ್ಕೂ ಮೂಲೆಗೆ ಶಹಾಬಾದ್ ಕಲ್ಲಿನ ಚೂರು ಇಟ್ಟರು,
ಹಾರದಿರಲೆಂದು.

ನೀಲಿ ಗೆರೆ ಭೀಮಾ. ಕೆಂಪು ಗೆರೆ ಅದು ದಾಟಬಾರದ ಗೆರೆ.
ನಡುವೆ ಹುಣಸೆ ಸಾಲು, ಇಳಿಯಲು ಮೆಟ್ಟಿಲು,
ಸಂಜೆ ಕೂರಲು ಬೆಂಚುಗಳು ಆರು
(ಬರೆದಾಗ ನಾಚಿಕೆ ಆಗಿರಲಿಲ್ಲ).
ದಂಡೆಯುದ್ದಕ್ಕೂ ಒಂದೇ ಗೋಡೆ.

ಗೌಂಡಿ ಮೋನಪ್ಪ ಬೀಡಿ ಆರಿಸಿ ಬಾಗಿ ನೋಡಿದ.
"ಗ್ವಾಡಿ ಹೊಳೀನ ತಡೀತದ, ಖರೆ.
ಊರಾಗಿನ ಮಳಿ ನೀರು ಎಲ್ಲಿಂದ ಹೋಗಬೇಕ್ರಿ, ಮೇಡಂ?
ಹೊರಗಿನದು ಬರೂದಕಿಂತ ಮೊದಲ
ಒಳಗಿನದೇ ಮುಳುಗಸ್ತದ ನಮ್ಮನ್ನ."
ರಬ್ಬರು ತೆಗೆದು ಗೋಡೆಯನ್ನು ಮೂರು ಕಡೆ ಅಳಿಸಿದೆ.
ಮೂರು ಬಾಗಿಲು. ಕಾಗದ ಅಲ್ಲಿ ತೆಳ್ಳಗಾಯಿತು.

"ನಮ್ಮ ಹೊಳಿ ಮಳಿ ಕೇಳಿ ಬರಂಗಿಲ್ಲ" ಎಂದನೊಬ್ಬ.
"ಮುಗಲು ಚೊಕ್ಕ ಇರ್ತದ, ಚಂದ್ರ ಇರ್ತಾನ,
ಎಲ್ಲೋ ಮ್ಯಾಲ ಡ್ಯಾಮಿನ ಗೇಟು ಎತ್ತಿರ್ತಾರ.
ಬೆಳತನಕ ಹಾಸಿಗಿ ಒದ್ದಿ."

ಅಷ್ಟು ಹೊತ್ತು ಮೂಲೆಯಲ್ಲಿ ಮೊರದಲ್ಲಿ ತೊಗರಿ ಕೇರುತ್ತಿದ್ದ
ಅಂಬಿಗರ ಸಾಬವ್ವ ತಲೆ ಎತ್ತದೆ ಕೇಳಿದಳು:
"ಹೊಸಾ ಮನೀಗಿ ಬೆಳಕಿಂಡಿ ಎಲ್ಲಿ ಇಟ್ಟೀದಿ?"

ಕಿಟಕಿ ಎರಡಿವೆ ಎಂದೆ. ಗಾಳಿಗೆ ಜಾಲರಿ ಇದೆ.
ನೆಲಗಟ್ಟು ಆಳೆತ್ತರ ಏರಿಸಿದ್ದೇವೆ, ಸಿಮೆಂಟಿನ ಮಾಳಿಗೆ,
ಮಾಳಿಗೆಗೆ ಹೊರಗಿಂದ ಪಾವಟಿಗೆ.

"ಕಿಟಕಿ ನೀರಿನ ಕಡೆ ಆತು. ಪಾವಟಗಿ ಬಾಗಲ ಆಚಿಗಿ ಆತು.
ನಾ ಕೇಳಿದ್ದು ಮುಗಲ ಕಡೆದು.
ಆ ರಾತ್ರಿ ಬಾಗಲ ತೆರೀಲಿಲ್ಲ, ನೀರು ಒತ್ತಿ ಹಿಡಿದಿತ್ತು.
ನನ್ನ ಗಂಡ ಮಾಳಗಿ ಮ್ಯಾಲ ಹೋಗಿ
ಹಾರಿಯಿಂದ ಬೆಳಕಿಂಡಿ ಅಗಲ ಮಾಡಿದ.
ಮಗನ್ನ ಕೊಟ್ಟೆ. ಮಗಳನ್ನ ಕೊಟ್ಟೆ. ಆಡಿನ ಮರಿ ಕೊಟ್ಟೆ.
ನಾ ಸೆಟದು ಹೋದೆ, ಆಗ ಕಡ್ಡಿ ಇದ್ದೆ.
ಅತ್ತಿ ದಪ್ಪ ಆಳು.
ಹೆಗಲು ಸಿಕ್ಕವು."

ಮೊರ ನಿಲ್ಲಲಿಲ್ಲ.
ತೊಗರಿ ಏರಿತು, ಇಳಿಯಿತು. ಹೊಟ್ಟು ನಕ್ಷೆಯ ಮೇಲೆ,
ನೀಲಿ ಗೆರೆಯ ಮೇಲೆ ಬಂದು ಕೂತಿತು.
ಯಾರೂ ಒರೆಸಲಿಲ್ಲ.

ಬಹಳ ಹೊತ್ತಿನ ಮೇಲೆ ನಾನೇ ಕೇಳಿದೆ:
ಎಷ್ಟು ಅಗಲ ಇರಬೇಕು, ಅವ್ವ?

"ನನ್ನ ಅಳೀಬ್ಯಾಡ, ಈಗೂ ಕಡ್ಡಿನೇ.
ದೇವಿಂದ್ರೀನ ಅಳಿ."

ಗೌಂಡಿಯ ಟೇಪು ಇಸಿದುಕೊಂಡು ಶಾಲೆಯ ಒಳಗೆ ಹೋದೆವು.
ಸೊಸೆ ದೇವಿಂದ್ರಮ್ಮ, ಏಳು ತಿಂಗಳು,
ಮಗ್ಗಿಯ ಕರಿಹಲಗೆಗೆ ಬೆನ್ನು ಕೊಟ್ಟು ನಿಂತಳು,
ನಗು ತಡೆಯಲಾರದೆ ಸೆರಗು ಕಚ್ಚಿಕೊಂಡು.
ಹೆಗಲು ಅಳೆದೆ. ಆಮೇಲೆ ಅಡ್ಡ ತಿರುಗಿಸಿ
ಬೆನ್ನಿನಿಂದ ಹೊಟ್ಟೆಯ ತುದಿಗೆ.
ಕೈ ಎರಡೂ ಮೇಲೆತ್ತು ಎಂದೆ,
ಎಳೆಯುವವರಿಗೆ ಕೊಟ್ಟ ಹಾಗೆ. ಎತ್ತಿದಳು.
ಆಗ ಅವಳ ನಗು ನಿಂತಿತು.

ಒಳಗಿನದು ಒದೆಯಿತು. ಟೇಪು ಜರುಗಿತು.
"ಅದನ್ನೂ ಹಿಡಿ" ಅಂದಳು ಸಾಬವ್ವ,
"ಅದಕ್ಕೂ ಜಾಗ ಬೇಕು."

ಸುತ್ತಲೂ ಒಂದು ಗೇಣು ಸಡಿಲ ಸೇರಿಸಿ
ಮೂವತ್ತೆರಡೂವರೆ ಇಂಚು ಎಂದು ಬರೆದೆ.
ಮೇಲೊಂದು ಮುಚ್ಚಳ, ಒಳಗಿಂದಲೂ ಹೊರಗಿಂದಲೂ
ಒಂದೇ ಕೈಯಲ್ಲಿ ತೆರೆಯುವಂಥದು.
ಕೆಳಗೆ ಗೋಡೆಗೆ ಕಾಲಿಡಲು ನಾಲ್ಕು ಕಲ್ಲು, ಮುದುಕಿಯ ಹೆಜ್ಜೆಗೆ.
ಬೆಂಚು ಆರೂ ಹೊಡೆದುಹಾಕಿದೆ.

ಆಫೀಸಿನಲ್ಲಿ ಸಾಹೇಬರು ಕನ್ನಡಕ ಹಣೆಗೇರಿಸಿ
ಆ ಅಂಕಿಯ ಮೇಲೆ ಬೆರಳಿಟ್ಟರು:
"ಈ ಅರ್ಧ ಇಂಚು ಯಾವ ಕೋಡಿನಲ್ಲಿದೆ?
ಸರಿಯಾಗಿ ಮೂವತ್ತೆರಡು ಮಾಡಿ ತನ್ನಿ."

ಆಗಲಿ ಸರ್ ಎಂದು
ಹೊರಗೆ ಬಂದು ನಲ್ಲಿಯ ಹತ್ತಿರ ನಿಂತೆ.
ನಕ್ಷೆಯ ಮಡಿಕೆಯಲ್ಲಿ ಇನ್ನೂ ಒಂದು ಹೊಟ್ಟು ಇತ್ತು.

ಮಾಡಲಿಲ್ಲ.