ಹೊಟ್ಟೆನೋವು

ಉಮೈರನಿಗೆ ಎಲ್ಲವೂ ಹೊಟ್ಟೆನೋವೇ.
ಅಮ್ಮಿ ತಿರುಗಿ ನೋಡದೆ ಗೇಟು ದಾಟಿದರೆ ಹೊಟ್ಟೆನೋವು,
ಕೆಂಪು ಬಕೆಟ್ಟು ಕೊಟ್ರಮ್ಮನ ಮೊಮ್ಮಗಳ ಕೈಗೆ ಹೋದರೆ ಹೊಟ್ಟೆನೋವು.
ಸ್ಲೇಟಿನಿಂದ ಅವಳ ತಲೆಗೆ ಬಾರಿಸಿ
ತಾನೇ ಮೊದಲು ಅತ್ತು,
ಅಂಗಿ ಎತ್ತಿ ಹೊಕ್ಕಳು ತೋರಿಸುತ್ತಾನೆ:
"ಇಲ್ಲಿ. ಇಲ್ಲಿ ನೋವು."

ನಾನು ಅಂಗನವಾಡಿಯ ಆಯಾ, ಓದಿದ್ದು ಐದನೇ ಕ್ಲಾಸು.
ಮೊದಲ ವಾರವೆಲ್ಲ ಓಂಕಾಳಿನ ನೀರು ಕುಡಿಸಿದೆ.
ಹರಳೆಣ್ಣೆ ಸವರಿದೆ.
ದೃಷ್ಟಿ ಇರಬಹುದೆಂದು ಉಪ್ಪು ಮೆಣಸಿನಕಾಯಿಯನ್ನೂ ನಿವಾಳಿಸಿದೆ,
ಟೀಚರಿಗೆ ಹೇಳಲಿಲ್ಲ.

ಟೀಚರ್ ಮೂರು ದಿನ ಟ್ರೇನಿಂಗಿಗೆ ಹೋಗಿ
ಮುಖಗಳ ಚಾರ್ಟೊಂದು ತಂದರು.
ನಗುವುದು, ಅಳುವುದು, ಹಲ್ಲು ಕಡಿಯುವುದು,
ಹುಬ್ಬು ಮೇಲೇರಿ ಬಾಯಿ ಸೊನ್ನೆಯಾದದ್ದು.
ಸುಣ್ಣ ಉದುರುವ ಗೋಡೆ, ಟೇಪು ನಿಲ್ಲಲಿಲ್ಲ.
ಗಂಜಿ ಹಚ್ಚಿ ಅಂಟಿಸಿದೆ.
ಎರಡೇ ದಿನಕ್ಕೆ ನಗುವ ಮುಖದ ಕೆನ್ನೆ ಇರುವೆಯ ಪಾಲು.

ಆವತ್ತು ಮೊಟ್ಟೆ ಕೊಡುವ ದಿನ.
ಎಂದಿನಂತೆ ದಾರ ಎಳೆದು ಎರಡು ಹೋಳು ಮಾಡಿದೆ.
ಅವನಿಗೆ ಇಡೀದು ಬೇಕಿತ್ತಂತೆ.
ಬೇರೆ ಇಡೀದು ಕೊಟ್ಟೆ.
ಅದಲ್ಲ, ಇದೇ ಇಡೀದಾಗಬೇಕು!
ತಟ್ಟೆ ಹಾರಿತು, ಹಳದಿ ಪುಡಿಯಾಯಿತು,
ನೆಲಕ್ಕೆ ಬಿದ್ದು ಹಿಮ್ಮಡಿ ಬಡಿಯತೊಡಗಿದ
ಉಸಿರು ಸಿಕ್ಕಿ ತುಟಿ ನೇರಳೆಯಾಗುವವರೆಗೆ.

ನನ್ನ ಕೈ ಮೇಲೆದ್ದಿತ್ತು. ಸುಳ್ಳು ಹೇಳುವುದಿಲ್ಲ.
ಎದ್ದ ಕೈಗೆ ಏನಾದರೂ ಕೆಲಸ ಬೇಕಲ್ಲ,
ಮೊರದಿಂದ ಬೆಳ್ಳುಳ್ಳಿ ತೆಗೆದುಕೊಂಡು
ಅವನಿಂದ ಒಂದು ಮೊಳ ದೂರ
ಕಾಲು ಚಾಚಿ ಕೂತೆ.
ಮುಟ್ಟಿದರೆ ಒದೆಯುತ್ತಾನೆ, ಮುಟ್ಟಲಿಲ್ಲ.
ಎದ್ದು ಹೋದರೆ ಇನ್ನೂ ಜೋರು, ಹೋಗಲಿಲ್ಲ.
ಒಂದೊಂದೇ ಎಸಳು ಸುಲಿಯುತ್ತ
ಬೆಳ್ಳುಳ್ಳಿಗೇ ಹೇಳುವವಳ ಹಾಗೆ ಹೇಳಿದೆ:
"ಇಡೀ ಮೊಟ್ಟಿ ಬೇಕಾಗಿತ್ತು. ನಾ ಕೊಯ್ದುಬಿಟ್ಟೆ.
ಸಿಟ್ಟು ಬಂತು. ಬರ್ತದಪ.
ನಂಗೂ ಕೂಡ್ಸಾಕ ಬರಂಗಿಲ್ಲ ಅದನ್ನ."

ಅವನಪ್ಪ ದಾದಾಪೀರನ ಮಂಡಕ್ಕಿ ಭಟ್ಟಿಯಲ್ಲಿ ನೋಡಿದ್ದೇನೆ,
ಬೆಂಕಿ ಎಳೆದ ಮೇಲೂ ಕಾದ ಮರಳಿನಲ್ಲಿ
ಅಲ್ಲೊಂದು ಇಲ್ಲೊಂದು ಅಕ್ಕಿ
ಪಟ್ಟೆನ್ನುತ್ತಲೇ ಇರುತ್ತದೆ, ಯಾರ ಮಾತೂ ಕೇಳದೆ.
ಹಾಗೇ ಬಿಕ್ಕಿದ. ಹಾಗೇ ದೂರ ದೂರವಾಯಿತು ಬಿಕ್ಕು.
ಒಂದಿಡೀ ಗಡ್ಡೆ ಮುಗಿದಿತ್ತು.
ತೆವಳಿ ಬಂದು ತಲೆ ನನ್ನ ಮಂಡಿಗೆ ಒರಗಿಸಿ
ಸಿಪ್ಪೆ ಊದಿ ಹಾರಿಸತೊಡಗಿದ.

ಆಮೇಲೆ ಚಾರ್ಟಿನ ಮುಂದೆ ನಿಂತು
ಹಲ್ಲು ಕಡಿಯುವ ಮುಖಕ್ಕೆ ಬೆರಳಿಟ್ಟ:
"ಇದು ನಂದು. ಹಾಲಮ್ಮಾಯಿ, ನಿಂದ್ಯಾವ್ದು?"

ನನ್ನದು.
ಮದುವೆಯಾದ ಎರಡನೇ ವರ್ಷ ಹತ್ತಿ ಮಿಲ್ಲಿಗೆ ಬೀಗ ಬಿತ್ತು.
ರುದ್ರಮುನಿ ಒಂದು ಮಾತೂ ಆಡಲಿಲ್ಲ.
ಮೂರು ತಿಂಗಳು ಸೈರನ್ನಿನ ಹೊತ್ತಿಗೆ ಎದ್ದು ಬುತ್ತಿ ಕೇಳಿದ,
ನಾಲ್ಕನೇ ತಿಂಗಳು ಬುತ್ತಿ ಗೋಡೆಗೆ ಬಡಿದ.
ಸಾರಿನ ಕಲೆ ನಾನು ತಿಕ್ಕಿದೆ.
ಕಣ್ಣು ಯಾಕೆ ಕೆಂಪಗಿದೆ ಅಂತ ಆಚೆಮನೆಯವಳು ಕೇಳಿದ್ದಕ್ಕೆ
ಹೊಟ್ಟೆನೋವು ಅಂದಿದ್ದೆ.
ಅವಳೂ ಓಂಕಾಳು ತಂದುಕೊಟ್ಟಳು.

ಏಳು ಮುಖ ಎರಡು ಸಲ ನೋಡಿದೆ.
"ಹುಡುಕ್ತೀನಿ ತಡಿ" ಅಂದೆ.

ಮಾರನೇ ದಿನ ಕೆಂಪು ಬಕೆಟ್ಟಿಗೆ ಮತ್ತೆ ಜಗಳ.
ಉಮೈರ್ ನೆಟ್ಟಗೆ ನಿಂತು, ಕೇರಿಗೆಲ್ಲ ಕೇಳುವಂತೆ
"ನಂಗ ಸಿಟ್ಟು ಬಂದೈತಿ!" ಎಂದು ಕೂಗಿ,
ಆಮೇಲೆ ಹೊಡೆದ.
ಟೀಚರ್ ಹಣೆ ಚಚ್ಚಿಕೊಂಡರು.
ನನಗೆ ಮಾತ್ರ ಒಳಗೊಳಗೇ ಖುಷಿ:
ನಿನ್ನೆವರೆಗೆ ಹೇಳದೆ ಹೊಡೆಯುತ್ತಿದ್ದ.
ಹೇಳುವುದಕ್ಕೂ ಹೊಡೆಯುವುದಕ್ಕೂ ನಡುವೆ
ಈಗ ಒಂದು ಉಸಿರಿನಷ್ಟು ಜಾಗ ಬಿದ್ದಿದೆ,
ನಾನು ಹೋಗಿ ಕೂರುವಷ್ಟು.

ಸಂಜೆ ಪಾತ್ರೆ ಬೋರಲು ಹಾಕಿ ಮನೆಗೆ ಬಂದೆ.
ಗೋಡೌನಿನ ಕಾವಲಿಗೆ ಹೊರಟವನು ಟಾರ್ಚು ಹುಡುಕುತ್ತಿದ್ದ.
ಬಾಗಿಲಿಗೆ ಅಡ್ಡ ಕೂತು
ಬೆಳ್ಳುಳ್ಳಿ ಮೊರ ಎಳೆದುಕೊಂಡೆ.
"ಏನಾತಲೇ," ಅಂದ, "ಹೊಟ್ಟಿನೋವಾ?"