ಶುಕ್ರವಾರದೊಳಗೆ

ಅರ್ಜಿ ಒಂದೇ ಪುಟ. ಹೆಸರು: ರನ್ವಾ.
ಊರು: ಸುಂಬಾ, ಫೇರೋ ದ್ವೀಪಗಳ ದಕ್ಷಿಣದ ತುದಿ,
ಅದರಾಚೆ ಬರೀ ನೀರು.
ಕೈಬಿಡುವ ವಿಷಯ: ಒಂದು ಚುಕ್ಕಿಗೆರೆ.
ಕಾರಣ: ಅದಕ್ಕಿಂತ ಗಿಡ್ಡ ಗೆರೆ.
ಪೋಷಕರ ಸಹಿ. ಶುಕ್ರವಾರದೊಳಗೆ.

ಎರಡು ದೋಣಿಯಲ್ಲಿ ಕಾಲಿಡಬೇಡ ಅನ್ನುತ್ತಾರೆ.
ನಾನಿಟ್ಟದ್ದು ಏಳರಲ್ಲಿ.
ಕಾಲು ಮಾತ್ರ ಎರಡೇ.

ಬೆಳಿಗ್ಗೆ ಏಳರ ಬಸ್ಸಿಗೆ ಇನ್ನೂ ಕತ್ತಲೆ,
ಸಂಜೆ ನಾಲ್ಕಕ್ಕೆ ಇಳಿದರೆ ಆಗಲೇ ಕತ್ತಲೆ,
ನಡುವಿನ ಇಷ್ಟೇ ಇಷ್ಟು ಹಗಲನ್ನು
ಕಿಟಕಿಯಾಚೆ ಕುರಿಗಳು ಮೇದು ಮುಗಿಸಿರುತ್ತವೆ.
ಅಮ್ಮನಿಗೆ ಮೀನಿನ ಕಾರ್ಖಾನೆಯಲ್ಲಿ ಎರಡನೇ ಪಾಳಿ.
ತಮ್ಮನಿಗೆ ಆಲೂಗಡ್ಡೆ ಬೇಯಿಸಿಕೊಟ್ಟು
ಅವನ ಒದ್ದೆ ಕಾಲುಚೀಲ ಹೀಟರಿನ ಮೇಲೆ ಹರವಿ
ಕೂತರೆ ಹತ್ತು.
ಡೇನಿಷ್ ಪ್ರಬಂಧ ಮುಗಿದರೆ ಹನ್ನೆರಡು.
ಮೊನ್ನೆ ಎರಡರ ಹೊತ್ತಿಗೆ
ಒಂದು ಸಮೀಕರಣದ ಮೇಲೆ ತಲೆಯಿಟ್ಟು ಮಲಗಿಬಿಟ್ಟೆ.
ಬೆಳಿಗ್ಗೆ ಕೆನ್ನೆಯ ಮೇಲೆ
ಅರ್ಧ ಉತ್ತರ ತಿರುಗುಮುರುಗಾಗಿ ಮೂಡಿತ್ತು,
ತಮ್ಮ ಓದಲು ನೋಡಿದ.

ಚುಕ್ಕಿಗೆರೆಯ ಮೇಲೆ ಪೆನ್ಸಿಲಿನಲ್ಲಿ ಬರೆದೆ:
ಭೌತಶಾಸ್ತ್ರ.
ಅದರಲ್ಲಿ ನನಗೆ ಬರುವುದು ನಾಲ್ಕು.
ಇತಿಹಾಸದಲ್ಲಿ ಹನ್ನೆರಡು, ಅದರ ಮೇಲೆ ಅಂಕವೇ ಇಲ್ಲ.
ಲೆಕ್ಕ ಸರಳ.

ಬಸ್ಸಿನಲ್ಲಿ ತ್ರೋಂದುರ್ ಹೇಳಿದ,
ಚಿಪ್ಸ್ ಜಗಿಯುತ್ತ, ಏನೂ ಅಲ್ಲವೆಂಬಂತೆ:
"ಇರೋದು ನಾಲ್ವರು. ಮೂವರಾದರೆ ಕ್ಲಾಸು ಮುಚ್ತಾರೆ.
ನಾನು ಹಡಗು ಹತ್ತಿ ರಾಜಧಾನಿಗೆ ಹೋಗಿ ಓದಬೇಕು.
ಬಾರ್ಬಾ ಹೋಗಲ್ಲ, ಅವರಮ್ಮನಿಗೆ ಹುಷಾರಿಲ್ಲ.
ಚಿಪ್ಸ್ ಬೇಕಾ?"

ಹೆರ್ಗೇರ್ ಮೇಷ್ಟ್ರು ಇದನ್ನು ನನಗೆ ಹೇಳಿರಲಿಲ್ಲ.
ಅರ್ಜಿ ಕೇಳಿದಾಗ ಡ್ರಾಯರ್ ಎಳೆದು
ಕೊಟ್ಟಿದ್ದರು, ಪೆನ್ನಿನ ಸಮೇತ.
ಹೇಳಿದ್ದರೆ ಸಿಟ್ಟಾದರೂ ಬರುತ್ತಿತ್ತು.

ರಾತ್ರಿ ಅಪ್ಪನ ಫೋನು, ಬ್ಯಾರೆಂಟ್ಸ್ ಸಮುದ್ರದ ನಡುವಿನಿಂದ.
ಎಲ್ಲ ಹೇಳಿಕೊಂಡೆ.
ಮಾತು ತಲುಪುವುದು ಅಲ್ಲಿಗೆ ಒಂದು ಉಸಿರು ತಡ.
ಬಲೆ, ಭಾರ, ಅಲೆ ಅಂತ
ಏನೋ ದೊಡ್ಡದು ಹೇಳುತ್ತಾನೆಂದು ಕಾದೆ.
"ಊಟ ಆಯ್ತಾ?" ಅಂದ.
ಇಲ್ಲ.
"ಮೊದಲು ಊಟ ಮಾಡು."

ಮಾಡಿದೆ. ಆರಿದ ಆಲೂಗಡ್ಡೆ, ಉಪ್ಪು, ನಿಂತೇ.
ಎರಡನೇ ತುತ್ತಿಗೆ ಹೊಳೆಯಿತು:
ಇತಿಹಾಸದಲ್ಲಿ ನಾಳೆ ಏಳು ಬಂದರೆ
ನಾನು ಅಳುವುದಿಲ್ಲ.
ನಾಲ್ಕು ಬಂದ ದಿನ ಇಷ್ಟೊಂದು ಅತ್ತೆನಲ್ಲ, ಅದೇಕೆ?

ನಮ್ಮೂರ ಬಂಡೆಯಂಚಿನಲ್ಲಿ ಗಾಳಿ ಕೆರಳಿದ ದಿನ
ಜಲಪಾತ ಮೇಲಕ್ಕೆ ಬೀಳುತ್ತದೆ.
ಹುಟ್ಟಿದಾಗಿನಿಂದ ನೋಡಿದ್ದೆ.
ಮೇಷ್ಟ್ರು ಅದಕ್ಕೆ ಹಲಗೆಯ ಮೇಲೆ ಬಾಣ ಬಿಡಿಸಿದ ದಿನ
ಮೊದಲ ಸಲ ಕಂಡಂತಾಗಿ
ಬಸ್ಸು ತಪ್ಪಿಸಿಕೊಂಡೆ.

ಅಳಿಸಿದೆ. ಕಾಗದ ಅಲ್ಲಿ ತೆಳ್ಳಗಾಗಿ ಹರಿಯಿತು.
ಹರುಕಿನ ಸುತ್ತ ಬರೆದೆ: ಇತಿಹಾಸ.
ಕಾರಣ: ಚೆನ್ನಾಗಿ ಬರುತ್ತದೆ.

ನಡುರಾತ್ರಿ ಅಮ್ಮ ಕೋಟು ಬಿಚ್ಚದೆ ಎರಡು ಸಲ ಓದಿದಳು.
"ಹನ್ನೆರಡು ಬರೋದನ್ನ ಬಿಡೋರುಂಟೇನೇ?"
ಸಹಿ ಹಾಕಿದಳು.
ಪಕ್ಕದಲ್ಲೊಂದು ಮೀನಿನ ಹುರುಪೆ ಅಂಟಿ ಮಿನುಗಿತು,
ತೆಗೆಯಲು ಇಬ್ಬರಿಗೂ ತ್ರಾಣವಿರಲಿಲ್ಲ.

ಇತಿಹಾಸದ ಮಾರ್ಯುನ್ ಟೀಚರ್ ಈಗಲೂ ನಗುತ್ತಾರೆ,
ಮೊದಲಿಗಿಂತ ಒಂದು ಚೂರು ತಡವಾಗಿ.
ನಿಮಗೋಸ್ಕರ ಮಾಡಿದ್ದಲ್ಲ ಅಂತ ತ್ರೋಂದುರ್‌ಗೆ ಹೇಳಿದೆ.
ನಂಬಲಿಲ್ಲ. ನನಗೂ ಪೂರಾ ನಂಬಿಕೆಯಿಲ್ಲ.
ಮತ್ತೆ ನಾಲ್ಕೇ ಬಂತು.

ಆರು ದೋಣಿ. ನಿನ್ನೆ ಹನ್ನೊಂದಕ್ಕೆ ಮಲಗಿದೆ.
ಎರಡಕ್ಕೆ ಎಚ್ಚರ:
ಮೇಲಕ್ಕೆ ಬಿದ್ದ ನೀರು
ಎಷ್ಟು ಎತ್ತರದಲ್ಲಿ ಮನಸ್ಸು ಬದಲಿಸುತ್ತದೆ?
ದೀಪ ಹಾಕಿದೆ.
ತಮ್ಮ ಬೈದ.