ಇಳಿತದ ಊಟ

ತದಡಿಯಲ್ಲಿ ನಮ್ಮನೆಯ ಊಟಕ್ಕೆ
ಹೊಳೆಯೇ ಗಡಿಯಾರ.
ಬಳಚು ಹೆಕ್ಕಿ, ಮೊಣಕಾಲ ಕೆಸರು ತೊಳೆದು
ನಾವು ಹೆಂಗಸರು ಬರುವಾಗ
ಒಂದು ದಿನ ಹನ್ನೊಂದು, ಇನ್ನೊಂದು ದಿನ ಮೂರೂವರೆ.
ಅಲ್ಲಿವರೆಗೆ ಯಾರೂ ಗಂಜಿಗೆ ಕೈಯಿಡುವಂತಿಲ್ಲ,
ಟೆಂಪೋ ನಿಲ್ಲಿಸಿ ಬಂದ ಜಟ್ಟಿಭಾವನೂ.

ಭಾವನಿಗೂ ನಮ್ಮನೆಯವರಿಗೂ
ದೋಣಿಯ ಇಂಜಿನ್ ವಿಷಯಕ್ಕೆ
ಎಂಟು ದಿನದಿಂದ ಮಾತಿಲ್ಲ.
ಪಕ್ಕಪಕ್ಕದ ಮಣೆ, ತೊಡೆಗೆ ತೊಡೆ ತಾಗಿಸಿ
ಗೋಡೆ ನೋಡುತ್ತ ಉಣ್ಣುತ್ತಾರೆ.

ಅತ್ತೆ ಬೋಗುಣಿ ಕೆದಕಿ
ಬೆಂದೂ ಬಾಯಿ ಬಿಡದ ಚಿಪ್ಪು ಆರಿಸಿ
ಹಿತ್ತಲಿಗೆಸೆಯುತ್ತಾಳೆ.
"ಇಂಥದ್ದು ಹೊಟ್ಟೆಗಾಗ"
ಅನ್ನುತ್ತಾಳೆ, ಯಾರಿಗೋ.

ಒಂಬತ್ತನೆಯ ದಿನ
"ಸಪ್ಪೆ" ಅಂದರು ಭಾವ.
"ಉಪ್ಪೇ ಬಿದ್ದಿಲ್ಲ" ಅಂದರು ಇವರು,
ಭಾವನ ಕಡೆ ತಿರುಗಿ.

ಸಾಣಿಕಟ್ಟೆ ಆಗರದ ಉಪ್ಪು
ಮರಿಗೆ ತುಂಬ
ಅತ್ತೆಯ ಬೆನ್ನ ಹಿಂದೆ ಕೂತಿತ್ತು.